ಠಾಣೆ, ಜಾಮೀನು, ಕೋರ್ಟು: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಕೀಲನಲ್ಲ. ಪ್ಯಾರಾ ಲೀಗಲ್ ವಾಲಂಟಿಯರ್ ಅಂತ ಒಂದು ಗುರುತಿನ ಚೀಟಿ ಇದೆ, ಅಷ್ಟೇ. ಹಾಡಿ (ಗಿರಿಜನರ ಕೇರಿ), ಲೈನ್ ಮನೆ (ತೋಟದ ಕಾರ್ಮಿಕರ ಸಾಲು ಮನೆ), ಸಂತೆ, ಕೋರ್ಟಿನ ಜಗಲಿ ಅಂತ ತಿರುಗುತ್ತಿರುತ್ತೇನೆ. ಎಲ್ಲಿ ಹೋದರೂ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಟ್ಟೆ. ದೊಡ್ಡ ಕೇಸಾದರೆ ಇದನ್ನಷ್ಟೇ ನಂಬಿ ಕೂರಬೇಡಿ, ವಕೀಲರನ್ನು ನೋಡಿ. ಅದಕ್ಕೆ ದುಡ್ಡಿಲ್ಲ ಅನ್ನುವವರಿಗೂ ಕೆಳಗೆ ಉತ್ತರ ಇದೆ.

ಐಪಿಸಿ ತೆಗೆದುಬಿಟ್ಟರಂತೆ. ನಮ್ಮಂಥವರಿಗೆ ಏನು ಬದಲಾಯಿತು?

2024ರ ಜುಲೈ 1ರಿಂದ ಮೂರು ಹೊಸ ಕಾನೂನು ಜಾರಿಯಲ್ಲಿವೆ. ಯಾವುದು ಅಪರಾಧ, ಎಷ್ಟು ಶಿಕ್ಷೆ ಅಂತ ಹೇಳುವ 1860ರ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ತನಿಖೆ, ಬಂಧನ, ವಿಚಾರಣೆ ಹೇಗೆ ಅಂತ ಹೇಳುವ 1973ರ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 1872ರ ಸಾಕ್ಷ್ಯ ಕಾಯ್ದೆ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ. ಅದಕ್ಕೂ ಮುಂಚೆ ನಡೆದ ಅಪರಾಧಕ್ಕೆ ಹಳೆ ಐಪಿಸಿಯೇ ಲೆಕ್ಕ. ಹಾಗಾಗಿ ಇನ್ನೂ ಎಷ್ಟೋ ವರ್ಷ ಕೋರ್ಟಿನಲ್ಲಿ ಎರಡೂ ನಂಬರ್ ಕೇಳಿಸುತ್ತವೆ. ಕೊಲೆಯ 302 ಈಗ 103 ಆಗಿದೆ. ಮೋಸದ 420 ಈಗ 318 ಆಗಿದೆ. ಆದರೆ ಸಂತೆಯಲ್ಲಿ ಯಾರೂ ಯಾರನ್ನೂ 'ತ್ರೀ ಒನ್ ಎಯ್ಟ್' ಅಂತ ಬೈಯುವುದನ್ನು ನಾನಿನ್ನೂ ಕೇಳಿಲ್ಲ.

ನಂಬರ್ ಬಿಡಿ. ನಮಗೆ ಉಪಯೋಗಕ್ಕೆ ಬರುವ ಬದಲಾವಣೆ ಬೇರೆ ಇದೆ. ಯಾವ ಕಾಗದ ಯಾರ ಕೈಗೆ ಎಷ್ಟು ದಿನದಲ್ಲಿ ಸಿಗಬೇಕು ಅನ್ನುವುದನ್ನು ಹೊಸ ಕಾನೂನು ಮೊದಲಿಗಿಂತ ಜಾಸ್ತಿ ಬಿಡಿಸಿ ಹೇಳುತ್ತದೆ. ಆದರೆ ನಾವು ಕೇಳದಿದ್ದರೆ ಆ ಕಾಗದ ತಾನಾಗಿ ಬರುವುದಿಲ್ಲ.

ಠಾಣೆಯಲ್ಲಿ ದೂರು ತಗೊಂಡರು, 'ಹೋಗಿ, ನೋಡ್ತೀವಿ' ಅಂದರು. ಅದೇ ಎಫ್‌ಐಆರ್ ಅಲ್ವಾ?

ಅಲ್ಲ. ಅದು ಬರೀ ಪಿಟಿಷನ್. ಎಫ್‌ಐಆರ್ ಅಂದರೆ ನಂಬರ್ ಹಾಕಿ ದಾಖಲು ಮಾಡುವ ಪ್ರಥಮ ಮಾಹಿತಿ ವರದಿ. ಇದನ್ನು ನಮ್ಮ ಮನೆಯವರೇ ದುಡ್ಡು ಕಳೆದುಕೊಂಡು ಕಲಿತದ್ದು. ನನ್ನ ಚಿಕ್ಕಪ್ಪನ ಮನೆಯಲ್ಲಿ ಒಂದು ವರ್ಷ ಒಣಗಿಸಿ ಕಟ್ಟಿಟ್ಟ ಕರಿಮೆಣಸಿನ ಮೂರು ಚೀಲ ರಾತ್ರೋರಾತ್ರಿ ಹೋಯಿತು. ಬೆಳಗ್ಗೆ ಎದ್ದವರೇ ಠಾಣೆಗೆ ಓಡಿದರು. ರೈಟರ್ ಒಂದು ಬಿಳಿ ಹಾಳೆಯಲ್ಲಿ ಬರೆಸಿಕೊಂಡರು. (ನಮ್ಮಲ್ಲಿ ತೋಟಕ್ಕೂ ಒಬ್ಬ ರೈಟರ್, ಠಾಣೆಗೂ ಒಬ್ಬ ರೈಟರ್. ಇಬ್ಬರ ಪುಸ್ತಕದಲ್ಲೂ ನಮ್ಮ ಹೆಸರು ಬಿದ್ದಿದೆಯಾ ಅಂತ ನೋಡಿಕೊಂಡೇ ಮನೆಗೆ ಬರಬೇಕು.) ಚಿಕ್ಕಪ್ಪ ಸಹಿ ಹಾಕಿ, ಕೈಮುಗಿದು ಬಂದರು. ನಾಲ್ಕು ತಿಂಗಳು ಬಿಟ್ಟು ಹೋದರೆ ಎಸ್‌ಐ ವರ್ಗವಾಗಿದ್ದರು. 'ಯಾವ ಪಿಟಿಷನ್? ನಂಬರ್ ಇದೆಯಾ?' ಅಂತ ಕೇಳಿದರು. ನಂಬರ್ ಇರಲಿಲ್ಲ. ಮೆಣಸೂ ಇಲ್ಲ, ಕಳ್ಳತನ ಆಯಿತು ಅನ್ನುವುದಕ್ಕೆ ಗುರುತೂ ಇಲ್ಲ.

ಹಾಗಾಗಿ ಹೇಳುತ್ತೇನೆ, ಠಾಣೆಯಿಂದ ಬರಿಗೈಯಲ್ಲಿ ಬರಬೇಡಿ. ನಾಗರಿಕ ಸುರಕ್ಷಾ ಸಂಹಿತೆಯ (ಕೆಳಗೆ ಬರುವ ಸೆಕ್ಷನ್ ನಂಬರುಗಳೂ ಇದರದ್ದೇ) 173ನೇ ಸೆಕ್ಷನ್ ಪ್ರಕಾರ ನೀವು ಹೇಳಿದ್ದನ್ನು ಬರೆದು, ನಿಮಗೆ ಓದಿ ಹೇಳಿ, ಸಹಿ ತಗೊಂಡು, ಒಂದು ಪ್ರತಿಯನ್ನು ಪುಕ್ಕಟೆ ಕೊಡಬೇಕು. ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧವಾದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಕೇಸಿನಲ್ಲಿ ಹೇಳಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ಒಪ್ಪಿಗೆ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಲು ಈಗ ಅವಕಾಶ ಇದೆ. ಅದು 14 ದಿನ, ನಾಲ್ಕು ತಿಂಗಳಲ್ಲ.

ಹಾಕುವುದೇ ಇಲ್ಲ ಅಂದರೆ ಯಾಕೆ ಅಂತ ಬರೆದು ಒಂದು ಹಿಂಬರಹ ಕೊಡಿ ಅನ್ನಿ. ಅದನ್ನೂ ಕೊಡದಿದ್ದರೆ ದೂರನ್ನು ಮಡಿಕೇರಿಗೆ, ಎಸ್‌ಪಿಯವರ ಹೆಸರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಂಚೆ ರಸೀದಿ ಎಸೆಯಬೇಡಿ. ಅಲ್ಲೂ ಆಗದಿದ್ದರೆ ನಿಮ್ಮ ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಈ ರಸೀದಿ ಅಲ್ಲಿ ಬೇಕಾಗುತ್ತದೆ.

ಘಟನೆ ಮಾಕುಟ್ಟದ ಆಚೆ, ಕೇರಳದಲ್ಲಿ ನಡೆಯಿತು. ಇಲ್ಲಿ ದೂರು ಕೊಡಬಹುದಾ?

ಕೊಡಬಹುದು. ಇದನ್ನು ಜೀರೋ ಎಫ್‌ಐಆರ್ ಅನ್ನುತ್ತಾರೆ. ಜಾಗ ಯಾರ ಸರಹದ್ದು ಅಂತ ನೋಡದೆ ಬರೆದುಕೊಂಡು, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. 'ನಮ್ಮ ಲಿಮಿಟ್ಸ್ ಅಲ್ಲ' ಅನ್ನುವ ಮಾತಿಗೆ ಈಗ ಕಾನೂನಿನ ಬಲ ಇಲ್ಲ.

ಆನ್‌ಲೈನಲ್ಲಿ ದೂರು ಕೊಟ್ಟರೆ ಆಯಿತಲ್ವಾ?

ಕೊಡಬಹುದು. ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು, ಆಗಲೇ ಅದು ಎಫ್‌ಐಆರ್. ಜುಲೈ ಮಳೆಯಲ್ಲಿ ಕರೆಂಟ್ ಹೋಗಿ, ಟವರ್ ಮಲಗಿ, ರಸ್ತೆಗೆ ಮರ ಬಿದ್ದಾಗ ಬಿರುನಾಣಿಯಂಥ ಕಡೆಯವರಿಗೆ ಮೂರು ದಿನ ಅಂದರೆ ಏನು ಅಂತ ದೆಹಲಿಯಲ್ಲಿ ಕೂತು ಬರೆದವರಿಗೆ ಗೊತ್ತಿರಲಿಕ್ಕಿಲ್ಲ. ತುರ್ತು ಇದ್ದರೆ 112ಕ್ಕೆ ಫೋನ್ ಮಾಡಿ. ಫೋನಿನಲ್ಲಿ ದುಡ್ಡು ಹೋಗಿದ್ದರೆ ತಡ ಮಾಡದೆ 1930.

ಕಣದಿಂದ ಕಾಫಿ ಕದ್ದರು. 'ಚಿಕ್ಕ ಕಳ್ಳತನ, ಕೇಸ್ ಆಗಲ್ಲ' ಅಂತಾರೆ. ನಿಜವಾ?

ಅರ್ಧ ನಿಜ. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳ್ಳತನವಾದರೆ ಪೊಲೀಸರು ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ಮಾಡುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದವನು ಮಾಲು ವಾಪಸ್ ಕೊಟ್ಟರೆ ಅವನಿಗೆ ಜೈಲಿಲ್ಲ, ಸಮುದಾಯ ಸೇವೆ. ಇದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಒಂದು ಬಾಳೆಗೊನೆಗೋಸ್ಕರ ಹುಡುಗನೊಬ್ಬ ಜೈಲಿಗೆ ಹೋಗಿ ಅಲ್ಲಿ ನಿಜವಾದ ಕಳ್ಳರ ಸಹವಾಸ ಮಾಡುವುದು ಯಾರಿಗೂ ಬೇಡ.

ಆದರೆ ಈಗಿನ ರೇಟಿಗೆ ಐವತ್ತು ಕೆ.ಜಿ.ಯ ಒಂದು ಚೀಲ ರೊಬಸ್ಟಾ ಚೆರಿಯೇ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಐದು ಸಾವಿರ ದಾಟುತ್ತದೆ. ಹಾಗಾಗಿ ದೂರಿನಲ್ಲಿ 'ಸ್ವಲ್ಪ ಕಾಫಿ ಹೋಗಿದೆ' ಅಂತ ಬರೆಯಬೇಡಿ. ಎಷ್ಟು ಚೀಲ, ಎಷ್ಟು ತೂಕ, ಚೆರಿಯೋ ಪಾರ್ಚ್‌ಮೆಂಟೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು), ಅವತ್ತಿನ ಮಾರ್ಕೆಟ್ ರೇಟ್ ಎಷ್ಟು, ಎಲ್ಲ ಬರೆಯಿರಿ. ಬೀಗ ಹಾಕಿದ ಗೋಡೌನ್ ಒಡೆದಿದ್ದರೆ ಅದನ್ನೂ ಬರೆಯಿರಿ. ವಸ್ತು ಇಡುವ ಕಟ್ಟಡದ ಒಳಗಿಂದ ಕದ್ದರೆ ಸೆಕ್ಷನ್ ಬೇರೆ, ಶಿಕ್ಷೆ ಏಳು ವರ್ಷದವರೆಗೆ.

ಠಾಣೆಯಿಂದ ಫೋನ್ ಬಂತು, 'ಬಾ, ಮಾತಾಡೋಣ' ಅಂದರು. ಹೋಗಬೇಕಾ?

'ನೋಟಿಸ್ ಕೊಡಿ ಸಾರ್, ಖಂಡಿತ ಬರುತ್ತೇನೆ' ಅನ್ನಿ. ಮರ್ಯಾದೆಯಿಂದಲೇ ಅನ್ನಿ. ಬಂಧಿಸುವ ಅಗತ್ಯ ಇಲ್ಲದ ಕೇಸಿನಲ್ಲಿ 35ನೇ ಸೆಕ್ಷನ್ ಪ್ರಕಾರ ಲಿಖಿತ ನೋಟಿಸ್ ಕೊಟ್ಟು ಕರೆಯಬೇಕು. ಆ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಸಾಲದು ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್ ಬಂದ ಮೇಲೆ ಮಾತ್ರ ತಪ್ಪಿಸಿಕೊಳ್ಳಬೇಡಿ. ಹೋಗದಿದ್ದರೆ ಅದೇ ಬಂಧನಕ್ಕೆ ಕಾರಣ ಆಗುತ್ತದೆ.

ಹೆಂಗಸರು, 15 ವರ್ಷದೊಳಗಿನ ಮಕ್ಕಳು, 60 ದಾಟಿದವರು, ಅಂಗವಿಕಲರು, ತೀರಾ ಕಾಯಿಲೆಯವರನ್ನು ಸಾಕ್ಷಿ ಹೇಳಿಕೆಗೆ ಅಂತ ಠಾಣೆಗೆ ಕರೆಸುವಂತಿಲ್ಲ. ಮನೆಗೇ ಬಂದು ಕೇಳಬೇಕು.

ಕರೆದುಕೊಂಡು ಹೋಗಿಯೇ ಬಿಟ್ಟರೆ?

ಯಾಕೆ ಅಂತ ಹೇಳಬೇಕು. ನೀವು ಹೇಳಿದ ಒಬ್ಬರಿಗೆ ಸುದ್ದಿ ಮುಟ್ಟಿಸಬೇಕು. ಬಂಧನದ ಮೆಮೊದಲ್ಲಿ ಮನೆಯವರೋ ಊರಿನವರೋ ಸಾಕ್ಷಿ ಹಾಕಬೇಕು. ವಿಚಾರಣೆ ನಡುವೆ ವಕೀಲರನ್ನು ಕಾಣಬಹುದು. ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯ ಇದ್ದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟ್ ಅನುಮತಿ ಪಡೆದು ಮಾಡಬೇಕು.

ಮ್ಯಾಜಿಸ್ಟ್ರೇಟ್ 'ಏನಾದರೂ ಹೇಳುವುದಿದೆಯಾ, ಹೊಡೆದರಾ?' ಅಂತ ಕೇಳಿದಾಗ ನಮ್ಮವರು ತಲೆ ತಗ್ಗಿಸಿ 'ಇಲ್ಲ' ಅನ್ನುತ್ತಾರೆ. ಪಕ್ಕದಲ್ಲಿ ಅದೇ ಪೇದೆ ನಿಂತಿರುತ್ತಾನೆ, ಭಯ ಸಹಜ. ಆದರೆ ಹೇಳಬೇಕಾದ ಜಾಗ ಅದೊಂದೇ. ಕನ್ನಡ ಸರಿಯಾಗಿ ಬರದಿದ್ದರೆ ಎರವ ಭಾಷೆಯಲ್ಲೋ, ಮಲಯಾಳದಲ್ಲೋ, ಅಸ್ಸಾಮಿಯಲ್ಲೋ ಹೇಳುತ್ತೇನೆ, ತಿಳಿದವರನ್ನು ಕರೆಸಿ ಅನ್ನಿ.

ಒಪ್ಪಿಕೊಂಡು ಸಹಿ ಹಾಕು, ಬೇಗ ಬಿಡ್ತೀವಿ ಅಂದರು. ಹಾಕಬಹುದಾ?

ಬೇಡ. ಖಾಲಿ ಹಾಳೆಗಂತೂ ಬೇಡವೇ ಬೇಡ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ನಿಮ್ಮ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಹಿ ಬೇಕಾಗಿಲ್ಲ ಅಂತಲೂ ಕಾನೂನಿದೆ.

ಕುಶಾಲನಗರ ಕಡೆಯ ಗಿರಿಜನ ಕೂಲಿಯೊಬ್ಬರ ಕಥೆ ಈಗ ಇಡೀ ರಾಜ್ಯಕ್ಕೆ ಗೊತ್ತು. ಹೆಂಡತಿ ಕಾಣೆಯಾದಳು ಅಂತ ದೂರು ಕೊಟ್ಟವರು ಅವರೇ. ಪಕ್ಕದ ಮೈಸೂರು ಜಿಲ್ಲೆಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಆಕೆಯದೇ ಅಂತ ತೀರ್ಮಾನಿಸಿ ಕೊಲೆ ಕೇಸನ್ನು ಗಂಡನ ಮೇಲೆ ಹಾಕಿದರು. ಡಿಎನ್‌ಎ ವರದಿ ಬರುವ ಮುಂಚೆಯೇ ಚಾರ್ಜ್‌ಶೀಟ್ ಆಯಿತು. ಆಮೇಲೆ ಬಂದ ವರದಿ ಹೊಂದಲಿಲ್ಲ. ಆದರೂ ಕೇಸ್ ಮುಂದಕ್ಕೆ ಹೋಯಿತು. ಆ ಮನುಷ್ಯ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. 2025ರ ಏಪ್ರಿಲ್‌ನಲ್ಲಿ ಅದೇ ಹೆಂಡತಿ ಮಡಿಕೇರಿಯಲ್ಲಿ ಕಣ್ಣಿಗೆ ಬಿದ್ದರು, ಜೀವಂತವಾಗಿ. ಮೈಸೂರಿನ ಕೋರ್ಟ್ ಗಂಡನನ್ನು ದೋಷಮುಕ್ತ ಮಾಡಿತು.

ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಜಾಗಕ್ಕೇ ಬರಬೇಕು, ಶೋಧನೆಯ ವಿಡಿಯೋ ಮಾಡಬೇಕು ಅಂತ ಹೊಸ ಸಂಹಿತೆ ಹೇಳುತ್ತದೆ. ತಜ್ಞರ ಏರ್ಪಾಡು ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷ ಟೈಮ್ ಇದೆ. ಅಷ್ಟರವರೆಗೆ ಏನು ಗತಿ ಅಂತ ನನ್ನನ್ನು ಕೇಳಬೇಡಿ.

ಜಾಮೀನು ಸಿಕ್ಕಿ ಇಪ್ಪತ್ತು ದಿನವಾಯಿತು. ಮಗ ಇನ್ನೂ ಜೈಲಲ್ಲೇ ಇದ್ದಾನೆ. ಯಾಕೆ?

ಈ ಪ್ರಶ್ನೆ ನನಗೆ ಬೇರೆಲ್ಲಕ್ಕಿಂತ ಜಾಸ್ತಿ ಬರುತ್ತದೆ. ನಮ್ಮಲ್ಲಿ ಜಾಮೀನು ಕೊಡುವುದು ಜಡ್ಜ್, ಬಿಡಿಸುವುದು ಪಹಣಿ.

ಕೋರ್ಟ್ 'ಐವತ್ತು ಸಾವಿರದ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ' ಅನ್ನುತ್ತದೆ. ಜಾಮೀನುದಾರ ಆಸ್ತಿ ಇರುವವನಾಗಬೇಕು, ಆರ್‌ಟಿಸಿ, ಅಂದರೆ ಜಾಗದ ಪಹಣಿ ತರಬೇಕು. ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಆರ್‌ಟಿಸಿ ಎಲ್ಲಿಂದ ಬರಬೇಕು? ತೋಟದ ಸಾಹುಕಾರರನ್ನು ಕೇಳಬೇಕು. ಅವರು ಕೊಯ್ಲಿನ ಸಮಯದಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಕೋರ್ಟಿಗೆ ಬರಬೇಕು. ಜಾಗ ಇರುವವರ ಪಾಡೂ ಅಷ್ಟು ಸುಲಭ ಅಲ್ಲ. ಜಮ್ಮಾ ಜಾಗದ (ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ಪಹಣಿಯಲ್ಲಿ ಒಕ್ಕದ, ಅಂದರೆ ಇಡೀ ಮನೆತನದವರ ಪಟ್ಟಿಯೇ ಇರುತ್ತದೆ. ಕೆಲವು ಕಡೆ ತೀರಿಹೋದ ಅಜ್ಜನ ಹೆಸರೇ ಇನ್ನೂ ಕೂತಿದೆ. 'ಇದರಲ್ಲಿ ನಿಮ್ಮ ಪಾಲು ಯಾವುದು?' ಅಂತ ಗುಮಾಸ್ತರು ಕೇಳಿದರೆ ಏನು ಹೇಳುವುದು?

ಒಬ್ಬ ತಾಯಿಯನ್ನು ಮರೆಯಲಾರೆ. ಮಗನ ಜಾಮೀನು ಆದೇಶದ ಪ್ರತಿಯನ್ನು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಮಳೆಯಲ್ಲಿ ಮೂರು ಬಸ್ ಬದಲಿಸಿ ಬಂದಿದ್ದರು. ಆದೇಶ ಇದೆ, ಇನ್ನು ಬಿಡುತ್ತಾರೆ ಅಂತಲೇ ಅವರು ತಿಳಿದಿದ್ದು. ಜಾಮೀನುದಾರರು ಬೇಕು ಅಂತ ಅವರಿಗೆ ಯಾರೂ ಹೇಳಿರಲೇ ಇಲ್ಲ.

ಇದಕ್ಕೆ ದಾರಿಗಳಿವೆ. ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿ, ಅಥವಾ ಜಾಮೀನುದಾರರ ಬದಲು ನಗದು ಇಡಲು ಬಿಡಿ, ಇಲ್ಲವೇ ಮೊತ್ತ ಇಳಿಸಿ ಅಂತ ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಸೂಚನೆ ಕೊಟ್ಟಿದೆ. ಜಾಮೀನಾಗಿ ಏಳು ದಿನದಲ್ಲಿ ಹೊರಗೆ ಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟೇ ಷರತ್ತು ಸಡಿಲಿಸುವ ವಿಚಾರ ಮಾಡಬಹುದು. ಸ್ಥಳೀಯ ಜಾಮೀನುದಾರರೇ ಬೇಕು ಅಂತ ಹಟ ಹಿಡಿಯಬಾರದು. ತೋಟಕ್ಕೆ ಬಂದ ಅಸ್ಸಾಂ ಹುಡುಗರಿಗೆ ಈ ಮಾತು ಮುಖ್ಯ. ಜಾಮೀನು ಹಕ್ಕಾಗಿರುವ ಚಿಕ್ಕ ಕೇಸಿನಲ್ಲಿ ಒಂದು ವಾರದೊಳಗೆ ಜಾಮೀನುದಾರ ಸಿಗದಿದ್ದರೆ ಅವನನ್ನು ಬಡವ ಅಂತಲೇ ಪರಿಗಣಿಸಿ ಬಿಡಬೇಕು. ಕೇಂದ್ರ ಸರ್ಕಾರದ್ದು ಬಡ ಕೈದಿಗಳ ನೆರವಿನ ಯೋಜನೆಯೊಂದು 2023ರಿಂದ ಇದೆ. ವಿಚಾರಣೆ ಕೈದಿಗೂ ಅದರಲ್ಲಿ ದುಡ್ಡಿನ ನೆರವು ಸಿಗಬಹುದು.

ಕೋರ್ಟಿನ ಹೊರಗೆ ಸುಳಿದಾಡುವ ಬಾಡಿಗೆ ಜಾಮೀನುದಾರರ ಕೈಗೆ ಮಾತ್ರ ಬೀಳಬೇಡಿ. ಅವರ ಪಹಣಿ ನಕಲಿ ಅಂತಾದರೆ ನಿಮಗೆ ಇನ್ನೊಂದು ಕೇಸ್.

ವಿಚಾರಣೆ ಮುಗಿಯದೆ ಜೈಲಲ್ಲೇ ಎಷ್ಟು ದಿನ ಇಡಬಹುದು?

ಚಾರ್ಜ್‌ಶೀಟ್ 60 ದಿನದಲ್ಲಿ, ದೊಡ್ಡ ಅಪರಾಧವಾದರೆ 90 ದಿನದಲ್ಲಿ ಬರದಿದ್ದರೆ ಜಾಮೀನು ಹಕ್ಕು. 61ನೇ ಅಥವಾ 91ನೇ ದಿನವೇ ಅರ್ಜಿ ಹಾಕಬೇಕು. ಅರ್ಜಿ ಹಾಕುವ ಮುಂಚೆ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಹೋಯಿತು. ಇನ್ನು 479ನೇ ಸೆಕ್ಷನ್ ಪ್ರಕಾರ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೆ ಕಳೆದವರನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಯಾವತ್ತೂ ಶಿಕ್ಷೆ ಆಗದವರಾದರೆ ಮೂರನೇ ಒಂದು ಭಾಗ ಸಾಕು. ಹಳೆ ಕೇಸುಗಳಿಗೂ ಇದು ಅನ್ವಯ ಅಂತ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಕೇಸಿಗೆ ಇದು ಇಲ್ಲ. ಒಂದಕ್ಕಿಂತ ಹೆಚ್ಚು ಕೇಸ್ ಬಾಕಿ ಇದ್ದವರಿಗೂ ಇಲ್ಲ.

ಪುಕ್ಕಟೆ ವಕೀಲರು ಯಾರಿಗೆ? ಅವರು ಚೆನ್ನಾಗಿ ವಾದಿಸುತ್ತಾರಾ?

ಎಲ್ಲ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಕಸ್ಟಡಿಯಲ್ಲಿ ಇರುವವರಿಗೆ. ಇವರ ಆದಾಯ ಕೇಳುವುದಿಲ್ಲ. ಉಳಿದವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ಆದಾಯ 3 ಲಕ್ಷದೊಳಗೆ ಇರಬೇಕು. ನಮ್ಮ ಜಿಲ್ಲೆಯವರು ಮರೆಯುವುದು ಇನ್ನೊಂದಿದೆ. ನೆರೆ, ಭೂಕುಸಿತದಂಥ ವಿಪತ್ತಿಗೆ ಸಿಕ್ಕವರೂ ಆ ಪಟ್ಟಿಯಲ್ಲಿದ್ದಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ ಕಳೆದುಕೊಂಡ ಎಷ್ಟೋ ಜನ ಪರಿಹಾರದ ಜಗಳಕ್ಕೆ ಕೈಯಿಂದ ದುಡ್ಡು ಹಾಕಿ ವಕೀಲರನ್ನು ಇಟ್ಟುಕೊಂಡರು. ಹೇಳುವವರು ಇರಲಿಲ್ಲ.

ಜಿಲ್ಲಾ ಪ್ರಾಧಿಕಾರದ ಕಚೇರಿ ಮಡಿಕೇರಿ ಕೋರ್ಟಿನಲ್ಲಿದೆ. ತಾಲ್ಲೂಕು ಕೋರ್ಟುಗಳಲ್ಲಿ ತಾಲ್ಲೂಕು ಸಮಿತಿ ಇರುತ್ತದೆ. ಫೋನ್ ಮಾಡುವುದಾದರೆ 15100.

ಚೆನ್ನಾಗಿ ವಾದಿಸುತ್ತಾರಾ ಅಂದರೆ, ಪ್ರಾಮಾಣಿಕವಾಗಿ ಹೇಳುತ್ತೇನೆ, ಕೆಲವರು ಜೀವ ಬಿಟ್ಟು ಮಾಡುತ್ತಾರೆ, ಕೆಲವರು ವಾಯಿದೆ ದಿನ ಫೈಲ್ ತೆರೆಯುತ್ತಾರೆ. ದುಡ್ಡು ಕೊಟ್ಟ ವಕೀಲರಲ್ಲೂ ಎರಡೂ ಜಾತಿ ಇದೆ. ಸರಿ ಇಲ್ಲ ಅನ್ನಿಸಿದರೆ ಬೇರೆಯವರನ್ನು ಕೊಡಿ ಅಂತ ಬರೆದು ಕೊಡಿ. ಅದು ಭಿಕ್ಷೆ ಅಲ್ಲ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಹಕ್ಕು.

ತೋಟದಲ್ಲಿ ಅಡ್ವಾನ್ಸ್ ತಗೊಂಡಿದ್ದೇವೆ. ಬಿಟ್ಟು ಹೋದರೆ ಪೊಲೀಸ್ ಕೇಸ್ ಅಂತಾರೆ.

ಸಾಲ ತೀರಿಸದಿರುವುದು ಅಷ್ಟರಿಂದಲೇ ಅಪರಾಧ ಆಗುವುದಿಲ್ಲ. ಅದು ಸಿವಿಲ್ ವ್ಯವಹಾರ. ಆದರೆ ಅಡ್ವಾನ್ಸ್ ತೋರಿಸಿ ಹೋಗಲು ಬಿಡದಿರುವುದು, ಕೂಲಿ ಹಿಡಿದಿಡುವುದು ಜೀತ. ಅದು 1976ರ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲಿನ ಅಪರಾಧ. ಜೀತದ ಸಾಲ ತೀರಿಸುವ ಹೊಣೆಯೂ ಇಲ್ಲ. ತಹಶೀಲ್ದಾರ್, ಎಸಿ ಅಥವಾ ಡಿಸಿಯವರಿಗೆ ದೂರು ಕೊಡಿ.

ಜಾತಿ ಹಿಡಿದು ಬೈದರೆ, ಹೊಡೆದರೆ?

ಎರವ, ಜೇನು ಕುರುಬ, ಪಣಿಯ ಮುಂತಾದ ಪಂಗಡದವರಿಗೂ ಪರಿಶಿಷ್ಟ ಜಾತಿಯವರಿಗೂ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಇದರಲ್ಲಿ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಾಗಿಲ್ಲ. ಡಿವೈಎಸ್‌ಪಿ ದರ್ಜೆಯವರು ತನಿಖೆ ಮಾಡಬೇಕು. ಆರೋಪಿಗೆ ಜಾಮೀನು ಕೊಡುವಾಗ ನಿಮ್ಮ ಮಾತನ್ನೂ ಕೋರ್ಟ್ ಕೇಳಬೇಕು.

ಊರಲ್ಲೇ ಹಿರಿಯರು ಕೂತು ರಾಜಿ ಮಾಡಿದರೆ ಸಾಕಲ್ವಾ?

ಬೇಲಿ, ದಾರಿ, ತೋಡಿನ ನೀರು, ದನ ನುಗ್ಗಿದ್ದು, ಇಂಥದಕ್ಕೆ ಧಾರಾಳವಾಗಿ ಸಾಕು. ಕೋರ್ಟಿಗಿಂತ ಚೆನ್ನಾಗಿಯೇ ಮುಗಿಯುತ್ತದೆ. ಆದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ರಾಜಿ ಮಾಡುವ ಹಕ್ಕು ಯಾವ ಹಿರಿಯರಿಗೂ ಇಲ್ಲ. ಗೊತ್ತಿದ್ದೂ ತಿಳಿಸದಿದ್ದರೆ ಪೋಕ್ಸೊ ಕಾಯ್ದೆಯಲ್ಲಿ ಅದೇ ಒಂದು ಅಪರಾಧ. 1098ಕ್ಕೆ ಫೋನ್ ಮಾಡಿ.

ಕೋರ್ಟಿನಲ್ಲಿರುವ ರಾಜಿಯಾಗಬಲ್ಲ ಕೇಸಿಗೆ ಲೋಕ್ ಅದಾಲತ್ ಒಳ್ಳೆಯ ದಾರಿ. ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ಆದರೆ ಅಲ್ಲಿ ಒಪ್ಪಿದ್ದಕ್ಕೆ ಮೇಲ್ಮನವಿ ಇಲ್ಲ. ಸಹಿ ಹಾಕುವ ಮುಂಚೆ ಎರಡು ಸಲ ಓದಿಸಿಕೊಳ್ಳಿ.

ನಮ್ಮ ಕೋವಿಗೆ ಲೈಸೆನ್ಸ್ ಬೇಡ. ಹಾಗಾದರೆ ಕೇಸೂ ಇಲ್ಲ ಅಲ್ವಾ?

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಲೈಸೆನ್ಸಿಗೆ ಮಾತ್ರ. ಅದನ್ನು ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಈಗಿನ ಆದೇಶ 2029ರವರೆಗೆ. ಕುಡಿದು ಅಣ್ಣತಮ್ಮಂದಿರ ಜಗಳಕ್ಕೆ ಕೋವಿ ತೆಗೆದರೆ ವಿನಾಯಿತಿ ಕಾಯುವುದಿಲ್ಲ.

ಸುಧಾರಣೆ ಅಂತ ಇಷ್ಟು ವರ್ಷದಿಂದ ಕೇಳುತ್ತಿದ್ದೇವೆ. ಕೇಸ್ ಯಾಕೆ ಮುಗಿಯುವುದಿಲ್ಲ?

ಕನ್ನಡಿಗರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲೇ ವರದಿ ಕೊಟ್ಟಿತ್ತು. ನೊಂದವರು ಕೇಸಿನಲ್ಲಿ ಬರೀ ಸಾಕ್ಷಿಯಾಗಿ ನಿಂತು ಹೋಗಬಾರದು, ಅವರಿಗೂ ಮಾತಿರಬೇಕು ಅಂದಿತ್ತು. ಅಪರಾಧ ಸಾಬೀತು ಮಾಡುವ ಮಟ್ಟವನ್ನು ಸ್ವಲ್ಪ ಇಳಿಸೋಣ ಅಂತಲೂ ಅಂದಿತ್ತು. ಅದಕ್ಕೆ ಬಹಳ ವಿರೋಧ ಬಂತು, ಬಂದದ್ದು ಸರಿಯೇ. ಮೇಲೆ ಹೇಳಿದ ಅಸ್ಥಿಪಂಜರದ ಕೇಸನ್ನೇ ನೆನೆಸಿಕೊಳ್ಳಿ.

ಹೊಸ ಸಂಹಿತೆಯಲ್ಲಿ ಗಡಿಯಾರಗಳು ಜಾಸ್ತಿ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ವಾಯಿದೆಯನ್ನು ಎರಡಕ್ಕಿಂತ ಹೆಚ್ಚು ಸಲ ಮುಂದೂಡಬಾರದು. ವಾದ ಮುಗಿದ ಮೇಲೆ ತೀರ್ಪು 30 ದಿನದಲ್ಲಿ, ಕಾರಣ ಇದ್ದರೆ 45 ದಿನದಲ್ಲಿ. ಕೇಳಲು ಚೆನ್ನಾಗಿದೆ. ಆದರೆ ಮಡಿಕೇರಿ ದಸರಾ ಬಂದೋಬಸ್ತಿಗೆ, ತಲಕಾವೇರಿ ತೀರ್ಥೋದ್ಭವಕ್ಕೆ, ಶನಿವಾರ ಭಾನುವಾರದ ಟೂರಿಸ್ಟ್ ಟ್ರಾಫಿಕ್ಕಿಗೆ, ಆನೆ ಬಂತು ಅಂತ ರಸ್ತೆ ಬಂದ್ ಮಾಡಿದವರನ್ನು ಸಮಾಧಾನ ಮಾಡಲಿಕ್ಕೆ, ಎಲ್ಲಕ್ಕೂ ಹೋಗುವುದು ಅದೇ ಎಸ್‌ಐ. ನಿಮ್ಮ ಕಾಫಿ ಚೀಲದ ತನಿಖೆ ಮಾಡಬೇಕಾದವರೂ ಅವರೇ. ತನಿಖೆಗೆ ಬೇರೆ ಪೊಲೀಸರು, ಬಂದೋಬಸ್ತಿಗೆ ಬೇರೆ ಪೊಲೀಸರು ಇರಲಿ ಅಂತ ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಕೇಸಿನಲ್ಲಿ 2006ರಲ್ಲೇ ಹೇಳಿತ್ತು. ಕಾನೂನಿನ ಪುಸ್ತಕ ಬದಲಿಸುವುದಕ್ಕಿಂತ ಇದು ಮೊದಲು ಆಗಬೇಕಿತ್ತು ಅಂತ ನನ್ನ ಲೆಕ್ಕ.

ಪೊಲೀಸರ ಮೇಲೆಯೇ ದೂರು ಇದ್ದರೆ?

ಮೊದಲು ಎಸ್‌ಪಿ. ಆಮೇಲೆ ಪೊಲೀಸ್ ದೂರು ಪ್ರಾಧಿಕಾರ, ಮಾನವ ಹಕ್ಕು ಆಯೋಗ. ಠಾಣೆಗಳಲ್ಲಿ ಸಿಸಿ ಕ್ಯಾಮೆರಾ ಇರಲೇಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ದೂರಿನಲ್ಲಿ ತಾರೀಖು, ಗಂಟೆ ಬರೆದು ಆ ದೃಶ್ಯ ತೆಗೆದಿಡಿ ಅಂತ ಬೇಗ ಕೇಳಿ. ಗಾಯ ಆಗಿದ್ದರೆ ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿ.

ವಾಯಿದೆ ದಿನ ಏನೇನು ತರಬೇಕು?

ಆಧಾರ್, ಕೇಸ್ ನಂಬರ್, ವಕೀಲರ ಫೋನ್ ನಂಬರ್. ಹಿಂದಿನ ದಿನವೇ ಇ-ಕೋರ್ಟ್ಸ್ ಆ್ಯಪ್‌ನಲ್ಲಿ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿ ತಾರೀಖು ಮುಂದೆ ಹೋಗಿಲ್ಲ ತಾನೇ ಅಂತ ನೋಡಿಕೊಳ್ಳಿ. ಕುಟ್ಟದಿಂದ ಮಡಿಕೇರಿಗೆ ಬಂದು, 'ಸಾಹೇಬರು ರಜೆ' ಅಂತ ಕೇಳಿ ವಾಪಸ್ ಹೋಗುವುದು ಎಂಥ ಸಂಕಟ ಅಂತ ನೋಡಿದ್ದೇನೆ. ಕೂಲಿಯೂ ಹೋಯಿತು, ದಿನವೂ ಹೋಯಿತು. ಸಾಕ್ಷಿ ಹೇಳಲು ಬಂದವರು ಭತ್ಯೆ ಕೇಳಿ, ಅದಕ್ಕೆ ನಾಚಿಕೆ ಬೇಡ. ಹೆಸರು ಕೂಗುವಾಗ ನೀವು ಕ್ಯಾಂಟೀನಿನಲ್ಲಿ ಇದ್ದರೆ ವಾರಂಟ್ ಆಗುತ್ತದೆ, ಕಾಫಿ ಆಮೇಲೆ ಕುಡಿಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದಗಳಿಗೆಲ್ಲ ಒಂದು ಪ್ಲಾಸ್ಟಿಕ್ ಕವರ್ ಇರಲಿ. ಎಫ್‌ಐಆರ್ ಪ್ರತಿಯ ಶಾಯಿ ಮಳೆಗೆ ನಿಲ್ಲುವುದಿಲ್ಲ.